ಪ್ರಿನ್ಸ್ ಆಫ್ ಪರ್ಷಿಯಾ 30 ವರ್ಷದ ಮೇಲೆ ಮತ್ತೆ ಆಡಿದೆ. ಹಳೇದು ಸರಿಯಾ, 2007ರದ್ದು ಸರಿಯಾ?

ಮಂಡಿಪೇಟೆ (ದಾವಣಗೆರೆ)

ನಮ್ಮ ಭಾವ ಪುಣೆಗೆ ವರ್ಗವಾಗಿ ಹೋಗುವಾಗ ತಮ್ಮ ಹಳೇ ಪ್ಲೇಸ್ಟೇಷನ್ 3 ನಮ್ಮ ಮನೆಯಲ್ಲಿ ಬಿಟ್ಟು ಹೋದರು. ಮಗಳು ಕ್ರಿಕೆಟ್ ಆಡಿಕೊಳ್ಳಲಿ ಅಂತ ಟಿವಿಗೆ ಜೋಡಿಸಿದೆ. ರಾತ್ರಿ ಊಟ ಆದ ಮೇಲೆ ಒಳಗೆ ಏನೇನಿದೆ ಅಂತ ನೋಡುತ್ತಾ ಹೋದರೆ ಪ್ರಿನ್ಸ್ ಆಫ್ ಪರ್ಷಿಯಾ ಕ್ಲಾಸಿಕ್ ಸಿಕ್ಕಿತು. 1989ರ ಗೇಮನ್ನೇ ಹೊಸ ಚಿತ್ರ ಹಾಕಿ ಮತ್ತೆ ಮಾಡಿ, 2007ರಲ್ಲಿ ಎಕ್ಸ್‌ಬಾಕ್ಸ್ 360ಕ್ಕೆ, ಮರುವರ್ಷ ಪ್ಲೇಸ್ಟೇಷನ್ 3ಕ್ಕೆ ಬಿಟ್ಟರಲ್ಲ, ಅದು. ನಾನು ಅದನ್ನು ಅಲ್ಲಿವರೆಗೂ ಮುಟ್ಟೇ ಇರಲಿಲ್ಲ.

ನಾನು ಈ ಗೇಮ್ ಕಲಿತದ್ದು 1994ರ ಬೇಸಿಗೆ ರಜೆಯಲ್ಲಿ, ಪಿ.ಜೆ. ಬಡಾವಣೆಯ ಒಂದು ಕಂಪ್ಯೂಟರ್ ಸೆಂಟರಿನಲ್ಲಿ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿತ್ತು. ಊರೆಲ್ಲಾ ಕಾದ ಹೆಂಚಿನ ಹಾಗಿದ್ದರೆ ಆ ಒಂದು ಕೋಣೆ ಮಾತ್ರ ತಂಪು. ಎಂಟು ಕಂಪ್ಯೂಟರ್, ಎಂಟಕ್ಕೂ ಕಪ್ಪು-ಬಿಳುಪು ಮಾನಿಟರ್. ಡಾಸ್ (ವಿಂಡೋಸ್‌ಗೂ ಮೊದಲಿನ ಕಂಪ್ಯೂಟರ್ ವ್ಯವಸ್ಥೆ), ವರ್ಡ್‌ಸ್ಟಾರ್ ಪಾಠ ಮುಗಿಸಿ ಕೊನೇ ಹದಿನೈದು ನಿಮಿಷ ಸರ್ ಟೀಗೆ ಹೋಗುತ್ತಿದ್ದರು. ಫ್ಲಾಪಿ ಯಾರ ಜೇಬಲ್ಲಿದೆಯೋ ಅವನ ಕುರ್ಚಿಯ ಹಿಂದೆ ಏಳು ಜನ ನಿಲ್ಲುತ್ತಿದ್ದೆವು.

ಬಿಳಿ ಬಟ್ಟೆಯ ಹುಡುಗ ಕತ್ತಲೆಕೋಣೆಗೆ ಬೀಳುತ್ತಾನೆ. ಹಿಂದೆ ಗೇಟು ಧಡ್ ಅಂತ ಮುಚ್ಚುತ್ತೆ. ಕೈಯಲ್ಲಿ ಕತ್ತಿ ಇಲ್ಲ. ಮೊದಲ ಕಾವಲುಗಾರನ ಎದುರು ಹಾಗೇ ಹೋದರೆ ಒಂದೇ ಏಟು. ಮೊದಲು ಕೆಳಗಿಳಿದು ಕತ್ತಿ ಹುಡುಕಬೇಕು. ಇದನ್ನು ನಮಗೆ ಯಾರೂ ಹೇಳಿಕೊಡಲಿಲ್ಲ. ಏಳು ಜನ ಸೇರಿ ಮೂರು ದಿನ ಸತ್ತು ಸತ್ತು ಕಂಡುಕೊಂಡೆವು.

ಈಗ ವಿಷಯಕ್ಕೆ ಬರ್ತೀನಿ. ಪ್ಲೇಸ್ಟೇಷನ್‌ನಲ್ಲಿ ಮೂರು ರಾತ್ರಿಗೆ ಮುಗಿಸಿದೆ. ರಾಜಕುಮಾರಿ ಸಿಕ್ಕಳು. ಆ ಸೆಂಟರಿನ ಎಂಟೂ ಜನರಲ್ಲಿ ಯಾರೂ ಕಾಣದ ಕೊನೆಯನ್ನು ಕಂಡೆ. ಖುಷಿ ಆಯಿತು, ಆದರೆ ಎದೆ ಡವಗುಟ್ಟಲೇ ಇಲ್ಲ. ದಾರಿ ಅದೇ, ಮುಳ್ಳು ಅದೇ ಜಾಗದಲ್ಲಿವೆ, ಆ ಹಲ್ಲು ಕಡಿಯೋ ಕತ್ತರಿ ಬಾಗಿಲೂ ಅಲ್ಲೇ ಇದೆ. ದೀಪದ ಬೆಳಕು ಗೋಡೆ ಮೇಲೆ ಕುಣಿಯೋದು ನೋಡೋಕೆ ಎಷ್ಟು ಚೆಂದ. ಆದರೂ ಏನೋ ಹಗುರ ಆಗಿದೆ. ಅದೇನು ಅಂತ ಬಾಯಿಬಿಟ್ಟು ಹೇಳೋಕೆ ಬರುತ್ತಿಲ್ಲ. ಇಲ್ಲಿ ಹಳೇದು, ಹೊಸದು ಎರಡನ್ನೂ ಆಡಿದವರು ಇದ್ದೀರಾ?

ಜೋಗಿಮಟ್ಟಿ (ಚಿತ್ರದುರ್ಗ)

ನಾನಿದ್ದೀನಿ ಸರ್. ಎರಡೂ ಆಡಿದ್ದೀನಿ. ಹಳೇದನ್ನು ಇವತ್ತಿಗೂ ವರ್ಷಕ್ಕೆ ಒಂದೆರಡು ಸಲ ಆಡ್ತೀನಿ.

ಹಗುರ ಆಗಿದೆ ಅಂದಿರಲ್ಲ, ಅದು ಸರಿಯಾದ ಮಾತು. ಹಳೇ ಗೇಮಿನ ಹುಡುಗನಿಗೆ ಮೈಭಾರ ಇದೆ. ಓಡುತ್ತಿದ್ದವನು ಕೀ ಬಿಟ್ಟ ತಕ್ಷಣ ನಿಲ್ಲಲ್ಲ. ಎರಡು ಹೆಜ್ಜೆ ಜಾರಿ, ಮೈ ಹಿಂದಕ್ಕೆ ವಾಲಿಸಿ ನಿಲ್ಲುತ್ತಾನೆ. ತಿರುಗಬೇಕಾದರೂ ಹಾಗೇ. ಹಾರು ಅಂದರೆ ಮೊದಲು ಮಂಡಿ ಬಗ್ಗಿಸುತ್ತಾನೆ, ಆಮೇಲೆ ಹಾರುತ್ತಾನೆ. ನಾವು ನಿಜವಾಗಿ ಕಾಲುವೆ ದಾಟುವಾಗ ಏನು ಮಾಡ್ತೀವೋ ಅದೇ ತಾನೇ?

ಅದಕ್ಕೆ ಕಾರಣ ಇದೆ. ಜೋರ್ಡಾನ್ ಮೆಕ್ನರ್ ಈ ಗೇಮ್ ಮಾಡಲು ಶುರು ಮಾಡಿದಾಗ ಕಾಲೇಜು ಮುಗಿಸಿದ ಹೊಸತು. 1985ರಲ್ಲಿ ತಮ್ಮ ಡೇವಿಡ್‌ಗೆ ಬಿಳಿ ಬಟ್ಟೆ ಹಾಕಿಸಿ, ಒಂದು ಪಾರ್ಕಿಂಗ್ ಜಾಗದಲ್ಲಿ ಓಡಿಸಿದರು, ಹಾರಿಸಿದರು, ಹತ್ತಿಸಿದರು. ಅದನ್ನೆಲ್ಲಾ ವಿಡಿಯೋ ಮಾಡಿ, ಒಂದೊಂದೇ ಚಿತ್ರ ಬಿಡಿಸಿ ಗೆರೆ ತಿದ್ದಿ ಆಪಲ್ 2 ಕಂಪ್ಯೂಟರಿಗೆ ಇಳಿಸಿದರು. ಕತ್ತಿ ಕಾಳಗಕ್ಕೆ 1938ರ ರಾಬಿನ್ ಹುಡ್ ಸಿನಿಮಾದಲ್ಲಿ ಎರಾಲ್ ಫ್ಲಿನ್ ಹೋರಾಡುವ ಕೆಲವೇ ಸೆಕೆಂಡುಗಳ ತುಣುಕು ಆಧಾರ. ಹಾಗಾಗಿ ಪರದೆ ಮೇಲೆ ಓಡುತ್ತಿರುವುದು ಬೊಂಬೆ ಅಲ್ಲ, ನಿಜವಾದ ಒಬ್ಬ ಹುಡುಗ. ಅವನು ಏದುಸಿರು ಬಿಡೋದು ಕೇಳಿಸದಿದ್ದರೂ ನಮಗೆ ಗೊತ್ತಾಗುತ್ತೆ.

2007ರದ್ದರಲ್ಲಿ ಮೈ ನಯವಾಗಿದೆ. ಗೋಡೆಗೆ ಕಾಲು ಕೊಟ್ಟು ಚಿಮ್ಮೋದು ಸೇರಿಸಿದ್ದಾರೆ. ಕತ್ತಿ ವರಸೆಯೂ ಬೇರೆ. 2003ರ ಸ್ಯಾಂಡ್ಸ್ ಆಫ್ ಟೈಮ್ ಗೇಮಿನ ಹುಡುಗನ ಥರ ಇದ್ದಾನೆ. ಅವನೂ ಒಳ್ಳೆಯವನೇ. ಆದರೆ ಡೇವಿಡ್ ಅಲ್ಲ.

ಕೊನೇ ಬಸ್‌ಸ್ಟಾಪ್ (ದಾವಣಗೆರೆ)

ನಾನು ನಿಮ್ಮೆಲ್ಲರಿಗಿಂತ ಚಿಕ್ಕವನು, ಅಣ್ಣ. ಈ ಗೇಮ್ ನನ್ನ ಕೈಗೆ ಬಂದದ್ದೇ 2007ರ ರೂಪದಲ್ಲಿ. ನನಗೆ ಅದೇ ಅಸಲಿ. ಅದರಲ್ಲೇ ಮುಳ್ಳಿಗೆ ಬಿದ್ದಿದ್ದೀನಿ, ಅದರಲ್ಲೇ ಗೇಟಿನ ಕೆಳಗೆ ನುಸುಳಿದ್ದೀನಿ. ಆರನೇ ಲೆವೆಲಿನ ದಪ್ಪ ಕಾವಲುಗಾರನ ಹತ್ತಿರ ಒಂದು ವಾರ ಏಟು ತಿಂದಿದ್ದೀನಿ. ಎದೆ ಡವಗುಟ್ಟಲಿಲ್ಲ ಅಂತ ಮಂಡಿಪೇಟೆ ಅಣ್ಣ ಬರೆದದ್ದು ಓದಿ ಬೇಜಾರಾಯಿತು, ನನಗೆ ಡವಗುಟ್ಟಿತ್ತು.

ನಿಮಗೆ ಡವಗುಟ್ಟದಿದ್ದದ್ದು ದಾರಿ ಮೊದಲೇ ಗೊತ್ತಿದ್ದಕ್ಕಲ್ವಾ? ಮೊದಲ ಸಲ ನೋಡುವವನಿಗೆ ಯಾವುದಾದರೂ ಭಯವೇ.

ಈ ಚರ್ಚೆ ನೋಡಿ ನಿನ್ನೆ ರಾತ್ರಿ ಹಳೇದನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡು ಟಿವಿಗೆ ಜೋಡಿಸಿ ಆಡಿದೆ. ಅರ್ಧ ಗಂಟೆಯಲ್ಲಿ ಎರಡನೇ ಲೆವೆಲ್ ದಾಟಲಿಲ್ಲ. ನಾನು ಒತ್ತಿದ ಮೇಲೆ ಅವನು ತಡವಾಗಿ ಹಾರುತ್ತಾನೆ. ಇದು ಭಾರನಾ, ಇಲ್ಲ ನನ್ನ ಕೀಬೋರ್ಡ್ ಕೆಟ್ಟಿದೆಯಾ?

ಯುಪಿಎಸ್ ಅಂಗಡಿ (ದಾವಣಗೆರೆ)

ತಮ್ಮಾ, ಕೀಬೋರ್ಡ್ ಸರಿ ಇದೆ. ನಿನಗೆ ಎರಡು ತಡ ಸೇರಿ ಬಡಿಯುತ್ತಿವೆ. ಬಿಡಿಸಿ ಹೇಳ್ತೀನಿ.

ಒಂದು, ಗೇಮಿನದೇ ತಡ. ಈಗಿನ ಗೇಮುಗಳು ಸೆಕೆಂಡಿಗೆ 30, 60 ಚಿತ್ರ ಓಡಿಸುತ್ತವೆ. ಡಾಸ್ ಪ್ರಿನ್ಸ್ ಓಡಿಸೋದು ಸೆಕೆಂಡಿಗೆ 12. ಕತ್ತಿ ಹಿರಿದು ನಿಂತಾಗ ಇನ್ನೂ ನಿಧಾನ, 10. ಅಂದರೆ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಸುಮಾರು 80 ಮಿಲಿಸೆಕೆಂಡ್. ಅದರ ಮೇಲೆ ಓಡುವಾಗ ಅವನ ಕಾಲು ಸರಿಯಾದ ಹೆಜ್ಜೆಗೆ ಬಂದ ಮೇಲೇ ಹಾರೋದು. ಇದು ತಪ್ಪಲ್ಲ, ಬೇಕಂತಲೇ ಹಾಗಿದೆ. ಹಾರಬೇಕಾದ ಜಾಗ ಬಂದಾಗ ಒತ್ತಬಾರದು. ಒಂದು ಕಲ್ಲು ಮೊದಲೇ ಒತ್ತಬೇಕು.

ಎರಡು, ನಿನ್ನ ಟಿವಿಯ ತಡ. ಹಳೇ ಡಬ್ಬ ಟಿವಿಗೆ ಸಿಗ್ನಲ್ ಬಂತೋ, ಬಂದ ಹಾಗೇ ಬರೆದುಬಿಡುತ್ತಿತ್ತು. ಈಗಿನ ತೆಳ್ಳನೆ ಟಿವಿ ಚಿತ್ರವನ್ನು ಮೊದಲು ಹಿಡಿದಿಟ್ಟುಕೊಂಡು ಬಣ್ಣ ತಿದ್ದಿ, ನಯ ಮಾಡಿ ಆಮೇಲೆ ತೋರಿಸುತ್ತೆ. ಸಿನಿಮಾ ನೋಡುವಾಗ ಗೊತ್ತಾಗಲ್ಲ. ಇಂಥ ಗೇಮಿನಲ್ಲಿ ಪ್ರಾಣ ಹೋಗುತ್ತೆ. ಟಿವಿ ಸೆಟಿಂಗ್ಸ್‌ನಲ್ಲಿ ಗೇಮ್ ಮೋಡ್ ಅಂತ ಇರುತ್ತೆ, ಹಾಕು. ಇಲ್ಲ ಅಂದರೆ ಲ್ಯಾಪ್‌ಟಾಪಿನ ಪರದೆಯಲ್ಲೇ ಆಡು.

ಅಂಗಡಿಗೆ ಗೇಮ್ ಸರಿಯಿಲ್ಲ ಅಂತ ಬರುವ ಹತ್ತು ಜನರಲ್ಲಿ ಆರು ಜನರದ್ದು ಇದೇ ದೂರು. ಗೇಮ್ ಮೋಡ್ ಹಾಕಿಕೊಟ್ಟರೆ ಮುಖ ಅರಳುತ್ತೆ.

ಇನ್ನೊಂದು. ಹಳೇ ಡಾಸ್ ಗೇಮ್ ಓಡಿಸೋ ಡಾಸ್‌ಬಾಕ್ಸ್‌ನಲ್ಲಿ ಒದ್ದಾಡಬೇಡ. ಎಸ್‌ಡಿಎಲ್‌ಪಾಪ್ ಅಂತ ಒಂದಿದೆ. ಡಾಸ್ ಆವೃತ್ತಿಯನ್ನು ಬಿಚ್ಚಿ ನೋಡಿ, ಅದೇ ನಡವಳಿಕೆ ಇಟ್ಟುಕೊಂಡು ಈಗಿನ ಯಂತ್ರಗಳಿಗೆ ಮತ್ತೆ ಬರೆದದ್ದು. ಎಫ್6 ಒತ್ತಿದರೆ ಅಲ್ಲೇ ಸೇವ್, ಎಫ್9ಕ್ಕೆ ವಾಪಸ್. ಕಲಿಯೋಕೆ ಅದನ್ನು ಬಳಸು. ಒಂದೇ ಹಾರಾಟವನ್ನು ಇಪ್ಪತ್ತು ಸಲ ಹಾರಬಹುದು. ಕೈಗೆ ಬಂದ ಮೇಲೆ ಆ ಎರಡು ಕೀ ಮರೆತುಬಿಡು.

ಮಂಡಿಪೇಟೆ (ದಾವಣಗೆರೆ)

ಕೊನೇ ಬಸ್‌ಸ್ಟಾಪ್, ಬೇಜಾರಾಗಬೇಡಪ್ಪ. ನೀನು ಹೇಳಿದ್ದರಲ್ಲಿ ನಿಜ ಇದೆ. ದಾರಿ ಗೊತ್ತಿದ್ದದ್ದೂ ಒಂದು ಕಾರಣ ಇರಬಹುದು. ಆದರೆ ಹತ್ತನೇ ಲೆವೆಲ್ ಮೇಲಿನದ್ದೆಲ್ಲಾ ನನಗೂ ಹೊಸದೇ ಆಗಿತ್ತು. ಅಲ್ಲೂ ಹಾಗೇ ಅನ್ನಿಸಿತು.

ಶಿಫ್ಟ್ ಕೀ ಬಗ್ಗೆ ಯಾರೂ ಬರೆದಿಲ್ಲ. ಡಾಸ್‌ನಲ್ಲಿ ಈ ಗೇಮಿನ ಜೀವ ಇರೋದೇ ಅದರಲ್ಲಿ. ಶಿಫ್ಟ್ ಹಿಡಿದು ಬಾಣದ ಕೀ ಒತ್ತಿದರೆ ಅವನು ಮೆಲ್ಲಗೆ ಒಂದೊಂದೇ ಹೆಜ್ಜೆ ಇಡುತ್ತಾನೆ. ಅಂಚಿಗೆ ಬಂದಾಗ ಬೆರಳು ತುದಿ ಹೊರಗಿಟ್ಟು ನಿಲ್ಲುತ್ತಾನೆ. ಮುಳ್ಳಿನ ನಡುವೆಯೂ ಹೀಗೇ ನಡೆದು ಹೋಗಬಹುದು, ಓಡಿದರೆ ಮಾತ್ರ ಚುಚ್ಚುತ್ತೆ. ಬೀಳುವಾಗ ಶಿಫ್ಟ್ ಒತ್ತಿ ಹಿಡಿದಿದ್ದರೆ ಎದುರಿನ ಅಂಚನ್ನು ಎರಡೂ ಕೈಯಲ್ಲಿ ಗಬಕ್ಕನೆ ಹಿಡಿಯುತ್ತಾನೆ. ಕಾಲು ಗಾಳಿಯಲ್ಲಿ ತೂಗುತ್ತೆ. ಆಮೇಲೆ ಮೇಲಿನ ಬಾಣ, ಮೊಣಕೈ ಊರಿ ಮೈಯನ್ನು ಎಳೆದುಕೊಂಡು ಹತ್ತುತ್ತಾನೆ. ಸೆಂಟರಿನಲ್ಲಿ ಅವನು ಹೀಗೆ ಹತ್ತುವಾಗ ಹಿಂದೆ ನಿಂತ ಏಳು ಜನರ ಭುಜವೂ ಮೇಲಕ್ಕೆ ಏಳುತ್ತಿತ್ತು. ಇದನ್ನು ನಾನು ಕಣ್ಣಾರೆ ನೋಡಿದ್ದೀನಿ.

ಬಿದ್ದರೂ ಲೆಕ್ಕ ಇತ್ತು. ಒಂದು ಅಂತಸ್ತು ಬಿದ್ದರೆ ಏನೂ ಆಗಲ್ಲ. ಎರಡು ಬಿದ್ದರೆ ಪರದೆಯ ಕೆಳಗೆ ಪ್ರಾಣದ ಲೆಕ್ಕ ತೋರಿಸೋ ಮೂರು ತ್ರಿಕೋನದಲ್ಲಿ ಒಂದು ಹೋಗುತ್ತೆ. ಮೂರು ಬಿದ್ದರೆ ಕಥೆ ಮುಗಿಯಿತು.

ಹೊಂಡದ ಸರ್ಕಲ್ (ದಾವಣಗೆರೆ)

ಡಾಸ್‌ನಲ್ಲಿ ಪ್ರಿನ್ಸ್ ಅಂತ ಟೈಪ್ ಮಾಡಿ ಮುಂದೆ ಮೆಗಾಹಿಟ್ ಅಂತ ಸೇರಿಸಿದರೆ ಬೇಕಾದ ಲೆವೆಲಿಗೆ ಹೋಗಬಹುದಲ್ವಾ? ನಾವೆಲ್ಲಾ ಹಾಗೇ ಕೊನೆ ನೋಡಿದ್ದು. ಇಷ್ಟೊಂದು ಒದ್ದಾಟ ಯಾಕೆ?

ಜೋಗಿಮಟ್ಟಿ (ಚಿತ್ರದುರ್ಗ)

ನೋಡಬಹುದು ಸರ್, ತಪ್ಪೇನಿಲ್ಲ. ನಾನೂ ಹಾಗೆ ನೋಡಿದ್ದೆ. ಆದರೆ ಹಾರಿ ಹೋದವರಿಗೆ ಹನ್ನೆರಡನೇ ಲೆವೆಲಿನ ನೆರಳು ಯಾರು ಅಂತ ಅರ್ಥ ಆಗಲ್ಲ. ಅದಕ್ಕೆ ನಾಲ್ಕನೇ ಲೆವೆಲಿನ ಕನ್ನಡಿ ದಾಟಿ, ಅದರಿಂದ ನಮ್ಮದೇ ನೆರಳು ಹೊರಗೆ ಬರೋದನ್ನು ನೋಡಿರಬೇಕು, ಐದರಲ್ಲಿ ಅವನು ನಮ್ಮ ಕಣ್ಣೆದುರೇ ಔಷಧಿ ಬಾಟ್ಲಿ ಕುಡಿದು ಹೋಗಿರಬೇಕು, ಆರರಲ್ಲಿ ಗೇಟು ಮುಚ್ಚಿ ನಮ್ಮನ್ನು ಬೀಳಿಸಿರಬೇಕು. ಅಷ್ಟು ಸಿಟ್ಟು ಹೊತ್ತುಕೊಂಡು ಬಂದರೇನೇ ಆ ಕೊನೇ ಭೇಟಿಗೆ ಬೆಲೆ.

ಕಾಮನಬಾವಿ ಬಡಾವಣೆ (ಚಿತ್ರದುರ್ಗ)

ಜೋಗಿಮಟ್ಟಿಯವರು ನೆರಳಿನ ಸುದ್ದಿ ಎತ್ತಿದ್ದಕ್ಕೆ ಬರೀತಿದ್ದೀನಿ. ಇಲ್ಲಿ ಸುಮ್ನೆ ಓದಿಕೊಂಡು ಹೋಗುವವಳು ನಾನು.

ನಾನು ಗೇಮ್ ಆಡಿದವಳಲ್ಲ. ನನ್ನ ತಮ್ಮ ಆಡುತ್ತಿದ್ದ, ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. 1997, ದಾವಣಗೆರೆ ನಮ್ಮ ಜಿಲ್ಲೆಯಿಂದ ಬೇರೆ ಆದ ವರ್ಷ. ಅಪ್ಪ ಆಫೀಸಿನಿಂದ ಹರಾಜಿನಲ್ಲಿ ಒಂದು ಹಳೇ ಕಂಪ್ಯೂಟರ್ ತಂದಿದ್ದರು. ಯುಪಿಎಸ್ ಇರಲಿಲ್ಲ. ದುರ್ಗದಲ್ಲಿ ಆಗ ಬೇಸಿಗೆಯಲ್ಲಿ ಸಂಜೆ ಕರೆಂಟ್ ಯಾವಾಗ ಹೋಗುತ್ತೆ ಅಂತ ಹೇಳೋಕೆ ಬರುತ್ತಿರಲಿಲ್ಲ. ಈ ಗೇಮಿಗೆ 60 ನಿಮಿಷದ ಗಡುವು. ಸತ್ತರೆ ಆ ಲೆವೆಲ್ ಮೊದಲಿಂದ ಶುರು, ಆದರೆ ಗಡಿಯಾರ ಮಾತ್ರ ಹಿಂದಕ್ಕೆ ಬರಲ್ಲ. ಅವನು ಗಡಿಯಾರದ ಜೊತೆ ಓಡುತ್ತಿದ್ದ, ನಾನು ಫ್ಯಾನ್ ನೋಡುತ್ತಾ ಕೂರುತ್ತಿದ್ದೆ. ಫ್ಯಾನಿನ ವೇಗ ಕಮ್ಮಿ ಆಯಿತು ಅಂದರೆ ಕರೆಂಟ್ ಹೋಗುವ ಸೂಚನೆ. "ಸೇವ್ ಮಾಡೋ" ಅಂತ ಕೂಗುತ್ತಿದ್ದೆ.

ಒಂದು ಸಂಜೆ ಹನ್ನೆರಡನೇ ಲೆವೆಲಿಗೆ ಬಂದ. ನೆರಳು ಎದುರು ನಿಂತಿತು. ತಮ್ಮ ಕತ್ತಿ ಹಿರಿದ. ನೆರಳಿಗೆ ಒಂದು ಏಟು ಹಾಕಿದರೆ ಇವನ ತ್ರಿಕೋನವೂ ಒಂದು ಹೋಗುತ್ತಿತ್ತು. ಮತ್ತೆ ಹಾಕಿದ, ಮತ್ತೆ ಹೋಯಿತು. ಕೊನೆಗೆ ಇಬ್ಬರೂ ಒಟ್ಟಿಗೆ ಸತ್ತರು. ನಾಲ್ಕು ಸಲ ಹೀಗೇ ಆಯಿತು. ಅವನು ಅಳೋದೊಂದು ಬಾಕಿ. ನನಗೆ ಏನನ್ನಿಸಿತೋ, "ಅವನು ಹೊಡೆಯುತ್ತಿಲ್ಲ ನೋಡು, ನೀನು ಹೊಡೆದರೆ ಮಾತ್ರ ಹೊಡೆಯುತ್ತಾನೆ. ಕತ್ತಿ ಒಳಗಿಡು" ಅಂದೆ. ಇಟ್ಟ. ನೆರಳೂ ಇಟ್ಟಿತು. ತಮ್ಮ ಮುಂದೆ ನಡೆದ. ಇಬ್ಬರೂ ಓಡಿ ಬಂದು ಒಬ್ಬರೊಳಗೊಬ್ಬರು ಸೇರಿಹೋದರು.

ಅವತ್ತು ಅಲ್ಲಿಗೆ ಕರೆಂಟ್ ಹೋಯಿತು. ಆಮೇಲೆ ಅವನು ಪಿಯುಸಿಗೆ ಹಾಸ್ಟೆಲ್ ಸೇರಿದ. ಕೊನೆಯಲ್ಲಿ ಬರೋ ಖಳ ಜಾಫರ್‌ನನ್ನು ಇವತ್ತಿಗೂ ನೋಡಿಲ್ಲ. ನಾನೂ ನೋಡಿಲ್ಲ.

ಯುಪಿಎಸ್ ಅಂಗಡಿ (ದಾವಣಗೆರೆ)

ಅಕ್ಕಾ, ನಿಮ್ಮ ಬರಹ ಎರಡು ಸಲ ಓದಿದೆ. ಗೈಡ್ ಇಲ್ಲದೆ, ಇಂಟರ್ನೆಟ್ ಇಲ್ಲದೆ ಅದನ್ನು ನೀವು ಕಂಡುಕೊಂಡಿರಲ್ಲ! ಈ ಗೇಮಿನಲ್ಲಿ ಅದಕ್ಕಿಂತ ಕಷ್ಟದ ಒಗಟು ಇನ್ನೊಂದಿಲ್ಲ.

ಆ ನೆರಳು ಹುಟ್ಟಿದ ಕಥೆ ಹೇಳಲೇಬೇಕು. ಮೊದಲು ಗೇಮಿನಲ್ಲಿ ಕಾದಾಟವೇ ಇರಲಿಲ್ಲ. ಓಡೋದು, ಹಾರೋದು, ಬಲೆ ತಪ್ಪಿಸಿಕೊಳ್ಳೋದು, ಅಷ್ಟೇ. ಎದುರಾಳಿ ಬೇಕು ಅಂತ ಜೊತೆಯವರು ಹೇಳುತ್ತಿದ್ದರು. ಆದರೆ ಮೆಕ್ನರ್ ಅವರಿಗೆ ಇನ್ನೊಂದು ಪಾತ್ರಕ್ಕೆ ಮೆಮೊರಿಯಲ್ಲಿ ಜಾಗವೇ ಉಳಿದಿರಲಿಲ್ಲ. ಇರುವ ಜಾಗವನ್ನೆಲ್ಲಾ ಡೇವಿಡ್‌ನ ಓಟ, ಹಾರಾಟವೇ ತಿಂದಿತ್ತು. ಆಗ ಒಂದು ಉಪಾಯ ಮಾಡಿದರು. ರಾಜಕುಮಾರನದೇ ಚಿತ್ರವನ್ನು ಒಂದು ಚುಕ್ಕೆಯಷ್ಟು ಪಕ್ಕಕ್ಕೆ ಸರಿಸಿ, ಅದರ ಮೇಲೇ ಇಟ್ಟು, ಎರಡರಲ್ಲೂ ಒಂದೇ ಥರ ಇರೋದನ್ನು ಅಳಿಸಿದರು. ಉಳಿದದ್ದು ಮಿಣಮಿಣ ಹೊಳೆಯುವ ಒಂದು ಆಕಾರ. ಹೊಸ ಚಿತ್ರ ಒಂದೂ ಬೇಕಾಗಲಿಲ್ಲ. ಅದೇ ನೆರಳು. ಅವನು ಬಂದ ಮೇಲೆ ಕನ್ನಡಿಯ ಕಥೆ ಬಂತು. ಕಾವಲುಗಾರರು ಆಮೇಲೆ ಬಂದರು.

ನಾನು ಯಂತ್ರ ರಿಪೇರಿ ಮಾಡುವವನು. ಜಾಗ ಇಲ್ಲದ ಕಡೆ ಜಾಗ ಹುಡುಕೋದು ಏನು ಅಂತ ಗೊತ್ತು. ಅದಕ್ಕೇ ಆ ಮನುಷ್ಯನ ಕೆಲಸಕ್ಕೆ ಕೈ ಮುಗಿಯುತ್ತೀನಿ.

ಇನ್ನೂ ಒಂದಿದೆ. ಗೇಮಿನ ಸಂಗೀತ ಅವರ ಅಪ್ಪ ಫ್ರಾನ್ಸಿಸ್ ಮೆಕ್ನರ್ ಅವರದು. ಆಪಲ್ 2ರ ಮೂಲ ಕೋಡ್ ಕಳೆದೇ ಹೋಯಿತು ಅಂದುಕೊಂಡಿದ್ದರು. 2012ರಲ್ಲಿ ಅದೇ ಅಪ್ಪನ ಮನೆಯಲ್ಲಿ ಒಂದು ಡಬ್ಬದಲ್ಲಿ ಫ್ಲಾಪಿಗಳು ಸಿಕ್ಕವು. 20 ವರ್ಷ ದಾಟಿದ ಫ್ಲಾಪಿ, ಓದಿಸಿದರೆ ಓದಿದವು! ಆ ಕೋಡನ್ನು ಎಲ್ಲರೂ ನೋಡಲಿ ಅಂತ ಕೋಡ್ ಹಂಚಿಕೊಳ್ಳೋ ಜಾಲತಾಣ ಗಿಟ್‌ಹಬ್‌ಗೆ ಹಾಕಿದರು. ನಾನು ಅಸೆಂಬ್ಲಿ ಅನ್ನೋ ಕಂಪ್ಯೂಟರ್ ಭಾಷೆ ಕಲಿತದ್ದೇ ಅದನ್ನು ಎದುರಿಗಿಟ್ಟುಕೊಂಡು. ನನ್ನ ಸ್ವಂತ ಫ್ಲಾಪಿಗಳೆಲ್ಲಾ ಒಂದೇ ಮಳೆಗಾಲಕ್ಕೆ ಬೂಷ್ಟು ಹಿಡಿದಿದ್ದವು.

ಕೊನೇ ಬಸ್‌ಸ್ಟಾಪ್ (ದಾವಣಗೆರೆ)

ಗೇಮ್ ಮೋಡ್ ಹಾಕಿದೆ ಅಣ್ಣ. ರಾತ್ರಿ-ಹಗಲಿನ ವ್ಯತ್ಯಾಸ! ಎರಡನೇ ಲೆವೆಲ್ ದಾಟಿದೆ. ಮೂರರಲ್ಲಿ ಮೂಳೆ ಮನುಷ್ಯ ಎದ್ದು ನಿಂತ. ಎಷ್ಟು ಕಡಿದರೂ ಸಾಯುತ್ತಿಲ್ಲ.

ಇನ್ನೊಂದು ಮಾತು ಕೇಳಬೇಕು. ಈ 60 ನಿಮಿಷದ ಗಡುವು ಸರಿನಾ? ನನಗೆ ಮನೆಯಲ್ಲಿ ಎಂಟು ತಿಂಗಳ ಮಗು ಇದೆ. ಅವಳು ಮಲಗಿದಾಗ ನನಗೆ ಸಿಗೋದು ಮುಕ್ಕಾಲು ಗಂಟೆ. ಒಂದು ಗೇಮ್ ನನ್ನನ್ನು ಒಂದೇ ಕೂರಿಕೆಗೆ ಪೂರ್ತಿ ಗಂಟೆ ಕೇಳುತ್ತೆ ಅಂದರೆ ಅದು ಆ ಕಾಲಕ್ಕೆ ಸರಿ ಇರಬಹುದು. ಈಗ ಮತ್ತೆ ಬಿಡುಗಡೆ ಮಾಡುವವರು ಅದನ್ನು ತೆಗೆದುಹಾಕಬಾರದಿತ್ತಾ?

ಮಂಡಿಪೇಟೆ (ದಾವಣಗೆರೆ)

ಮೂಳೆ ಮನುಷ್ಯನನ್ನು ಕತ್ತಿಯಿಂದ ಕೊಲ್ಲೋಕಾಗಲ್ಲ. ಏಟು ಹಾಕುತ್ತಾ ಹಿಂದಕ್ಕೆ ತಳ್ಳು, ಅಂಚಿನಿಂದ ಕೆಳಗೆ ಬೀಳಿಸು.

ಗಡುವು ತೆಗೆಯಬಾರದು ಅಂತ ನನ್ನ ಅಭಿಪ್ರಾಯ. ಗಡುವು ಇಲ್ಲದಿದ್ದರೆ ಎಲ್ಲರೂ ಶಿಫ್ಟ್ ಹಿಡಿದು ಇರುವೆ ಥರ ನಡೆದುಕೊಂಡು ಹೋಗಿ ಮುಗಿಸಿಬಿಡುತ್ತಾರೆ. ಎಲ್ಲಿ ಮೆಲ್ಲಗೆ ನಡೆಯಬೇಕು, ಎಲ್ಲಿ ಕಣ್ಣುಮುಚ್ಚಿ ಓಡಬೇಕು ಅನ್ನೋದೇ ಆಟ. ಗೇಟಿನ ಕಲ್ಲು ತುಳಿದ ಮೇಲೆ ಗೇಟು ಟಕ ಟಕ ಟಕ ಅಂತ ಇಳಿಯುತ್ತಿರುತ್ತಲ್ಲ, ಆ ಸದ್ದು ಗಡಿಯಾರದ್ದೇ.

ಆದರೆ ನಿನ್ನ ಕಷ್ಟವೂ ಅರ್ಥ ಆಗುತ್ತೆ. ಮೂರನೇ ಲೆವೆಲಿನಿಂದ ಸೇವ್ ಇದೆ. ಉಳಿದ ನಿಮಿಷಗಳ ಸಮೇತ ಅದು ನೆನಪಿಟ್ಟುಕೊಳ್ಳುತ್ತೆ. ಆ ಒಂದು ಗಂಟೆಯನ್ನು ಮೂರು ಸಂಜೆಗೆ ಹಂಚಿಕೋ. ನಾವು ಹದಿನೈದು ಹದಿನೈದು ನಿಮಿಷದಲ್ಲಿ ಆಡಿದವರೇ.

ಯುಪಿಎಸ್ ಅಂಗಡಿ (ದಾವಣಗೆರೆ)

ನಿಂಟೆಂಡೋದ ಸೂಪರ್ ಫ್ಯಾಮಿಕಾಂ ಗೇಮ್ ಯಂತ್ರಕ್ಕೆ ಬಂದ 1992ರ ಆವೃತ್ತಿಯನ್ನೂ ಇಲ್ಲಿ ನೆನೆಯಬೇಕು. ಅದರಲ್ಲಿ 12ರ ಬದಲು 20 ಲೆವೆಲ್, 60ರ ಬದಲು 120 ನಿಮಿಷ. ಗೋಡೆಗಳ ಬಣ್ಣ, ಸಂಗೀತ ಎಲ್ಲಾ ಹೊಸದು. ಹೊಸ ಯಂತ್ರಕ್ಕೆ ತರುವಾಗ ಸಲೀಸು ಮಾಡಲಿಲ್ಲ, ದೊಡ್ಡದು ಮಾಡಿದರು. ನನ್ನ ಪ್ರಕಾರ ಮರುಬಿಡುಗಡೆ ಅಂದರೆ ಹಾಗಿರಬೇಕು. ಮೂಲದ ಕಾಯ್ದೆ ಮುರಿಯದೆ ಮನೆಗೆ ಇನ್ನೊಂದು ಅಂಕಣ ಕಟ್ಟಿದ ಹಾಗೆ.

ತುಪ್ಪದ ಕೊಳ (ಚಿತ್ರದುರ್ಗ)

ಎಲ್ಲರಿಗೂ ನಮಸ್ಕಾರ್ರೀ. ದುರ್ಗದವರು ಇಷ್ಟು ಜನ ಇದ್ದೀರಿ, ಕೋಟೆ ಹೆಸರು ಯಾರೂ ಎತ್ತಲಿಲ್ಲ!

ನಾನು ಕೋಟೆ ಬುಡದಲ್ಲೇ ಬೆಳೆದವನು. ಈ ಗೇಮ್ ಮೊದಲ ಸಲ ನೋಡಿದಾಗ ನನಗೆ ಪರ್ಷಿಯಾ ಕಾಣಲಿಲ್ಲ, ನಮ್ಮ ಏಳು ಸುತ್ತು ಕಂಡಿತು. ಕೋಟೆಗೆ ಹೋದವರು ಗಮನಿಸಿರುತ್ತೀರಿ. ಒಂದು ಬಾಗಿಲು ದಾಟಿದ ಕೂಡಲೇ ಇನ್ನೊಂದು ಬಾಗಿಲು ನೇರಕ್ಕೆ ಕಾಣಲ್ಲ. ದಾರಿ ಹಾವಿನ ಹಾಗೆ ತಿರುಗುತ್ತೆ. ಆನೆ ಆಗಲಿ, ಕುದುರೆ ಆಗಲಿ ಓಡಿ ಬಂದು ಗುದ್ದೋಕೆ ಜಾಗವೇ ಕೊಟ್ಟಿಲ್ಲ. ಗೇಮಿನಲ್ಲೂ ಹಾಗೇ. ನೇರ ಓಡುವವನನ್ನು ತಡೆಯೋಕೆ ಪ್ರತಿ ತಿರುವಲ್ಲೂ ಏನೋ ಇದೆ. ಓಬವ್ವನ ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿಯೇ ತೂರಬೇಕಾಯಿತು. ಇಲ್ಲಿ ಕಾವಲುಗಾರರೂ ಒಬ್ಬೊಬ್ಬರಾಗಿಯೇ ಬರುತ್ತಾರೆ, ಓಣಿ ಅಷ್ಟು ಕಿರಿದು.

ತುಪ್ಪದ ಕೊಳದ ಬಂಡೆ ಹತ್ತಿದವರು ಇದ್ದೀರಾ? ಕಡಿದಾದ ಬಂಡೆ. ಪಾದ ಇಡೋಕೆ ಅಂಗೈಯಷ್ಟಗಲ ಗುಂಡಿ ಕೊರೆದಿದ್ದಾರೆ. ಒಂದೊಂದೇ ಗುಂಡಿಗೆ ಕಾಲಿಡುತ್ತಾ ಹತ್ತಬೇಕು. ನಾನು ಹತ್ತು ವರ್ಷದವನಿದ್ದಾಗ ಅರ್ಧಕ್ಕೆ ಹೋಗಿ ಕೆಳಗೆ ನೋಡಿದೆ. ಕಾಲು ನಡುಗಿಬಿಟ್ಟವು. ಮೇಲಿನ ಗುಂಡಿ ಇನ್ನೂ ದೂರ, ಕೆಳಗಿನದು ಕಾಣಿಸುತ್ತಿಲ್ಲ. ಅಣ್ಣ ಮೇಲಿಂದ ಹೇಳಿದ: "ಬಂಡೆಗೆ ಎದೆ ಹಚ್ಚು, ಕೆಳಗೆ ನೋಡಬೇಡ, ಬಲಗಾಲು." ಬಲಗಾಲು ಇಟ್ಟೆ. ಆಮೇಲೆ ಎಡಗಾಲು. ಮೇಲೆ ಹೋದ ಮೇಲೆ ಗಾಳಿ ಬೀಸುತ್ತಿತ್ತು, ಊರೆಲ್ಲಾ ಕಾಣುತ್ತಿತ್ತು.

ಮಂಡಿಪೇಟೆ ಸರ್ ಕೇಳಿದ್ದಕ್ಕೆ ನನ್ನ ಉತ್ತರ ಇದು. ಹಳೇ ಗೇಮಿನಲ್ಲಿ ಪ್ರತಿ ಹೆಜ್ಜೆಯನ್ನೂ ನಾವೇ ಇಡಬೇಕು. ಹೊಸದರಲ್ಲಿ ಹುಡುಗನಿಗೇ ಹತ್ತೋಕೆ ಬರುತ್ತೆ. ನಮ್ಮ ಕೋತಿರಾಜ್ ಕೋಟೆ ಗೋಡೆಯನ್ನು ಬರಿಗೈಯಲ್ಲಿ ಸರಸರ ಹತ್ತುವಾಗ ನಾವು ನಿಂತು ಚಪ್ಪಾಳೆ ಹೊಡೆಯುತ್ತೀವಿ. ಅದು ನೋಡುವ ಸಂತೋಷ, ದೊಡ್ಡ ಸಂತೋಷವೇ. ಆದರೆ ನಾವೇ ಗುಂಡಿಗೆ ಕಾಲಿಟ್ಟು ಹತ್ತಿದ್ದು ಬೇರೆ.

ಮಂಡಿಪೇಟೆ (ದಾವಣಗೆರೆ)

ತುಪ್ಪದ ಕೊಳದವರೇ, ನನಗೆ ಬಾಯಿಗೆ ಬಾರದಿದ್ದ ಮಾತು ಇದೇ.

ಭಾನುವಾರ ಎಸ್‌ಡಿಎಲ್‌ಪಾಪ್ ಹಾಕಿಕೊಂಡು ಮೊದಲಿಂದ ಕೂತೆ. ಎಫ್6 ಮುಟ್ಟಲ್ಲ ಅಂತ ತೀರ್ಮಾನ ಮಾಡಿದ್ದೆ. ಹೆಂಡತಿ ಮಂಡಕ್ಕಿ, ಮಿರ್ಚಿ ತಂದಿಟ್ಟಳು, ಆರಿಹೋದವು. ಮಗಳು ಮೊದಲು ಮೊಬೈಲ್ ಹಿಡಿದು ಕೂತಿದ್ದಳು. ಆರನೇ ಲೆವೆಲಿನಲ್ಲಿ ನೆರಳು ಗೇಟು ಮುಚ್ಚಿದಾಗ "ಅಯ್ಯೋ, ಯಾಕಪ್ಪಾ ಹಾಗೆ ಮಾಡಿದ?" ಅಂತ ಎದ್ದು ಬಂದಳು. ಆಮೇಲೆ ಪಕ್ಕ ಬಿಟ್ಟು ಏಳಲಿಲ್ಲ. ಎಂಟರಲ್ಲಿ ಗೇಟಿನ ಹಿಂದೆ ಸಿಕ್ಕಿಕೊಂಡು ಕಾಯುವಾಗ ಬಿಳಿ ಇಲಿ ಬಂದು ಕಲ್ಲು ಒತ್ತಿ ಗೇಟು ತೆಗೆಯಿತಲ್ಲ, ಅವಳು ಕಿರುಚಿದ್ದು ಪಕ್ಕದ ಮನೆಗೆ ಕೇಳಿತು.

ಹತ್ತನೇ ಲೆವೆಲ್ ಹೊತ್ತಿಗೆ 16 ನಿಮಿಷ ಉಳಿದಿತ್ತು. ಹನ್ನೊಂದರಲ್ಲಿ ಕಾಲ ಕೆಳಗಿನ ಕಲ್ಲುಗಳೆಲ್ಲಾ ಸಡಿಲ, ಎರಡು ಸಲ ಬಿದ್ದೆ. ಹನ್ನೆರಡರಲ್ಲಿ ನೆರಳು ಬಂತು. ಅಕ್ಕ ಹೇಳಿದ ಹಾಗೆ ಕತ್ತಿ ಒಳಗಿಟ್ಟು ನಡೆದೆ. ಮುಂದೆ ಬರೀ ಶೂನ್ಯ, ನೆಲವೇ ಇಲ್ಲ. ಮಗಳು "ಬೇಡ ಅಪ್ಪಾ" ಅಂದಳು. ಓಡಿದೆ. ಕಾಲಿಟ್ಟಲ್ಲೆಲ್ಲಾ ಕಲ್ಲು ಮೂಡಿತು. ಜಾಫರ್ ಬಿದ್ದಾಗ 3 ನಿಮಿಷ ಬಾಕಿ. ಅಂಗೈ ಪೂರ್ತಿ ಒದ್ದೆ ಆಗಿತ್ತು.

ಕೊನೇ ಬಸ್‌ಸ್ಟಾಪ್, ನಿನ್ನ ಮಾತೂ ಉಳಿಯಲಿ. ಪ್ಲೇಸ್ಟೇಷನ್‌ನಲ್ಲಿ ದಾರಿ ಕಲಿಯದೇ ಇದ್ದಿದ್ದರೆ ಹತ್ತರ ಮೇಲೆ ನಾನು ಹೋಗುತ್ತಲೇ ಇರಲಿಲ್ಲ. ಮಗಳು ಈಗ 2007ರದ್ದನ್ನೇ ಶುರು ಮಾಡಿದ್ದಾಳೆ. ಅವಳಿಗೆ ಅದರಿಂದಲೇ ಶುರುವಾಗಲಿ.

ಕೊನೇ ಬಸ್‌ಸ್ಟಾಪ್ (ದಾವಣಗೆರೆ)

ಅಣ್ಣಾ ಸೂಪರ್! ನಾನು ಐದಕ್ಕೆ ಬಂದಿದ್ದೀನಿ, 38 ನಿಮಿಷ ಉಳಿದಿದೆ. ಆಗುತ್ತಾ?

ಜೋಗಿಮಟ್ಟಿ (ಚಿತ್ರದುರ್ಗ)

ಆಗುತ್ತಪ್ಪ. ಐದು ಚಿಕ್ಕದು, ಆರು ಇನ್ನೂ ಚಿಕ್ಕದು. ಅಲ್ಲಿ ಉಳಿಸಿದ್ದನ್ನು ಏಳು, ಎಂಟಕ್ಕೆ ಇಟ್ಟುಕೋ. ದಪ್ಪನವನ ಹತ್ತಿರ ನುಗ್ಗಬೇಡ. ಅವನು ಕತ್ತಿ ಎತ್ತಿದಾಗ ತಡೆ, ತಡೆದ ಕೂಡಲೇ ಒಂದೇ ಒಂದು ಏಟು. ಎರಡನೇದಕ್ಕೆ ಆಸೆಪಡಬೇಡ.

ಕಾಮನಬಾವಿ ಬಡಾವಣೆ (ಚಿತ್ರದುರ್ಗ)

ಯುಪಿಎಸ್ ಅಂಗಡಿಯವರು ಹೇಳಿದ್ದನ್ನು ತಮ್ಮನಿಗೆ ಕಳಿಸಿದ್ದೆ. ಅವನು ಹುಬ್ಬಳ್ಳಿಯಲ್ಲಿದ್ದಾನೆ. ಮೊದಲು "ಈಗೆಲ್ಲಾ ಟೈಮ್ ಎಲ್ಲಿದೆ ಅಕ್ಕಾ" ಅಂದ. ಇವತ್ತು ರಾತ್ರಿ ಒಂಬತ್ತೂವರೆಗೆ ಅವನೇ ಫೋನ್ ಮಾಡಿದ. ಸ್ಪೀಕರಿಗೆ ಹಾಕಿ ಪಕ್ಕದಲ್ಲಿಟ್ಟುಕೊಂಡು ಆಡುತ್ತಿದ್ದಾನೆ. ಕೀ ಒತ್ತುವ ಸದ್ದು ನನಗಿಲ್ಲಿ ಕೇಳಿಸುತ್ತಿದೆ.

ನಾಲ್ಕನೇ ಲೆವೆಲ್, ಕನ್ನಡಿ ಮುಂದೆ ನಿಂತಿದ್ದಾನೆ. ಹೇಗೆ ದಾಟಿದ್ದೆ ಅಂತ ಅವನಿಗೂ ನೆನಪಿಲ್ಲ, ನನಗೂ ಇಲ್ಲ. ಗೇಮ್ ನಿಲ್ಲಿಸೋ, ಕೇಳಿ ಹೇಳ್ತೀನಿ ಅಂದರೆ ನಿಲ್ಲಿಸಲ್ಲ ಅಂತಾನೆ. ಯಾರಾದರೂ ಬೇಗ ಹೇಳಿ.

ಮಂಡಿಪೇಟೆ (ದಾವಣಗೆರೆ)

ನಿಂತಲ್ಲಿಂದ ಹಾರಿದರೆ ಆಗಲ್ಲ ಅಕ್ಕಾ. ಹಿಂದಕ್ಕೆ ಹೋಗಿ, ಓಡಿ ಬಂದು ಹಾರಲಿ. ಕನ್ನಡಿಗೆ ಹೆದರದೆ ಸೀದಾ ಅದರೊಳಗೇ. ಒಂದು ಬಿಟ್ಟು ಎಲ್ಲಾ ತ್ರಿಕೋನ ಹೋಗುತ್ತೆ, ಗಾಬರಿ ಆಗಬೇಡ ಅನ್ನಿ.

ಕಾಮನಬಾವಿ ಬಡಾವಣೆ (ಚಿತ್ರದುರ್ಗ)

ದಾಟಿದ. ನೆರಳು ಆ ಕಡೆ ಓಡಿಹೋಯಿತಂತೆ. 41 ನಿಮಿಷ ಇದೆ. ಫೋನ್ ಇಡಬೇಡ ಅಕ್ಕಾ ಅಂದಿದ್ದಾನೆ, ಚಾರ್ಜಿಗೆ ಹಾಕಿ ಬರ್ತೀನಿ.